ಹುರಿ ಬಿಚ್ಚಿದ ಎಳೆ

ಕೇಳುಗರಿಗೆ ನಮಸ್ಕಾರ. ಮಾರ್ಚ್ ಬಂತೆಂದರೆ ಚಿಕ್ಕಮಗಳೂರಿನ ತೋಟಗಳಲ್ಲಿ ಎಲ್ಲರ ಕಣ್ಣೂ ಮುಗಿಲ ಮೇಲೆಯೇ. ಹೂಮಳೆ ಬಿದ್ದು ಎಂಟು-ಹತ್ತು ದಿನ ಕಳೆಯುವಷ್ಟರಲ್ಲಿ, ಗಿಣ್ಣುಗಳಲ್ಲಿ ಮುದುಡಿ ಕೂತಿದ್ದ ಕಾಫಿ ಮೊಗ್ಗುಗಳು ಒಮ್ಮೆಗೇ ಅರಳಿ ತೋಟ ಬೆಳ್ಳಗಾಗುತ್ತದೆ. ಯಾವ ವಂಶವಾಹಿ ಯಾವಾಗ ಕೆಲಸಕ್ಕಿಳಿಯಬೇಕೆಂಬುದನ್ನು ಗಿಡ ಹೇಗೆ ನಿರ್ಧರಿಸುತ್ತದೆ ಎಂಬ ದೊಡ್ಡ ಪ್ರಶ್ನೆಯ ಒಂದು ತುದಿಯನ್ನಷ್ಟೇ, ಅಂದರೆ ಡಿಎನ್‌ಎ ತಾಳುವ ಬೇರೆ ಬೇರೆ ರೂಪಗಳನ್ನಷ್ಟೇ, ಇಂದು ಹಿಡಿಯುತ್ತೇನೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದ ಡಿಎನ್‌ಎಯ ಎರಡೆಳೆಯ ಸುರುಳಿ ಶಾಲಾ ಪುಸ್ತಕಗಳಲ್ಲೆಲ್ಲ ಇದೆ. ಆದರೆ ಹಗ್ಗದ ಹುರಿ ಸಡಿಲವಾದಲ್ಲಿ ಒಂದು ಎಳೆ ಹೊರಗೆದ್ದು ಮಡಚಿಕೊಳ್ಳುವಂತೆ, ಡಿಎನ್‌ಎಯೂ ಕೆಲವೆಡೆ ಬೇರೆ ರೂಪ ತಾಳುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ನ ಸಾಲುಗಳು ಹತ್ತಿರಹತ್ತಿರ ನಾಲ್ಕು ಬಾರಿ ಬಂದರೆ, ಆ ಒಂದೇ ಎಳೆ ಮಡಚಿಕೊಂಡು, ನಾಲ್ಕು ನಾಲ್ಕು ಗ್ವಾನಿನ್‌ಗಳು ಚೌಕವಾಗಿ ಕೂಡಿ, ಆ ಚೌಕಗಳು ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ತಟ್ಟೆಗಳ ನಡುವಿನ ಕಂಬಿಯ ಜಾಗದಲ್ಲಿ ಪೊಟ್ಯಾಸಿಯಂ ಅಯಾನುಗಳು ನಿಂತು ಅವನ್ನು ಬಿಗಿಹಿಡಿಯುತ್ತವೆ. ಇದೇ ಜಿ-ಕ್ವಾಡ್ರುಪ್ಲೆಕ್ಸ್ ಎಂಬ ಗಂಟು. ಪೊಟ್ಯಾಷ್ ಚೀಲ ಹೊತ್ತವರು ಗೊಬ್ಬರ ಹೆಚ್ಚಿಸಿದರೆ ಗಂಟೂ ಹೆಚ್ಚೀತು ಎಂದು ಲೆಕ್ಕ ಹಾಕಬೇಕಿಲ್ಲ. ಜೀವಕೋಶ ತನ್ನೊಳಗಿನ ಪೊಟ್ಯಾಸಿಯಂ ಅನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ.

ಮುಸುಕಿನ ಜೋಳದಲ್ಲಿ ಇಂಥ ಅಕ್ಷರಸಾಲುಗಳು ಸಾವಿರಾರು ವಂಶವಾಹಿಗಳಲ್ಲಿ, ಅದರಲ್ಲೂ ಸಕ್ಕರೆ ಅಥವಾ ಆಮ್ಲಜನಕ ಕಡಿಮೆಯಾದಾಗ ಎಚ್ಚರಗೊಳ್ಳುವಂಥವುಗಳಲ್ಲಿ ಕಂಡುಬಂದಿವೆ ಎಂದು 2014ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನಲ್ಲಿ ಕಂಡ ಸಾಲು ಜೀವಂತ ಎಲೆಯಲ್ಲೂ ಗಂಟಾಗಿಯೇ ಇರುತ್ತದೆಂದು ನಂಬಿಬಿಡುವುದು ಅವಸರವೆಂದೇ ನನ್ನ ಅಭಿಪ್ರಾಯ.

ಹೆಚ್ಚು ಗಟ್ಟಿಯಾದ ಸಾಕ್ಷ್ಯ ಇನ್ನೊಂದು ರೂಪಕ್ಕಿದೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎಫ್‌ಎಲ್‌ಸಿ ಎಂಬ ವಂಶವಾಹಿ ಹೂ ಬಿಡದಂತೆ ತಡೆಯುತ್ತದೆ; ವಾರಗಟ್ಟಲೆ ಚಳಿ ಉಂಡ ಮೇಲೆ ಅದರ ಬಾಯಿ ಕಟ್ಟುತ್ತದೆ. ಅದೇ ಜಾಗದಿಂದ ಎದುರು ದಿಕ್ಕಿನಲ್ಲಿ ಕೂಲೇರ್ ಎಂಬ ಆರ್‌ಎನ್‌ಎ, ಅಂದರೆ ಡಿಎನ್‌ಎಯನ್ನು ನೋಡಿ ಬರೆದ ಒಂದೆಳೆಯ ನಕಲು, ತಯಾರಾಗುತ್ತದೆ. ಅದು ಶುರುವಾಗುವಲ್ಲಿ ಆರ್‌ಎನ್‌ಎ ಡಿಎನ್‌ಎಯ ಒಂದು ಎಳೆಯ ಜೊತೆ ಜೋಡಿಯಾಗಿ, ಇನ್ನೊಂದು ಎಳೆ ಕುಣಿಕೆಯಂತೆ ಹೊರಗುಳಿಯುತ್ತದೆ, ಇದು ಆರ್-ಲೂಪ್. ಹೊರಗುಳಿದ ಆ ಎಳೆಯನ್ನು ಒಂದು ಪ್ರೋಟೀನ್ ಹಿಡಿದು ಕುಣಿಕೆಯನ್ನು ಗಟ್ಟಿಮಾಡಿದಾಗ ಕೂಲೇರ್ ತಯಾರಿ ತಗ್ಗುತ್ತದೆ ಎಂದು 2013ರಲ್ಲಿ ತಿಳಿಯಿತು.

ಈ ಕಥೆಯನ್ನು ಹಾಗೆಯೇ ಕಾಫಿಗೆ ಅಂಟಿಸಲಾಗದು. ನಮ್ಮ ಮೊಗ್ಗು ಕಾಯುವುದು ಚಳಿಗಲ್ಲ, ಒಣ ದಿನಗಳ ಮೇಲೆ ಬೀಳುವ ಮಳೆಗೆ. ಮೇಲಾಗಿ ಅರೇಬಿಕಾ ಎರಡು ಜಾತಿಗಳು ಬೆರೆತು ಹುಟ್ಟಿದ, 44 ವರ್ಣತಂತುಗಳ ಗಿಡ. ಹುರಿ ಎಲ್ಲಿ ಬಿಚ್ಚಿದೆಯೆಂದು ನೋಡಹೊರಟವರು ಎರಡೂ ಕಡೆಯಿಂದ ಬಂದ ಪ್ರತಿಗಳನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.