ಬೀದರಿನ ಬಿದರಿ ಅಂಗಡಿಗೊಂದು ಕನ್ನಡ ವೆಬ್‌ಸೈಟ್: ವರ್ಡ್‌ಪ್ರೆಸ್ ಎಲ್ಲಿ ಕಾಡ್ತದ, ಎಲ್ಲಿ ಕೈ ಹಿಡೀತದ

ನಮಸ್ಕಾರ್ರಿ. ನೀವು ನೋಡ್ಲಿಕತ್ತಿದ್ದು ಬೀದರಿನ ಚೌಬಾರಾ. ಈ ಊರಿನ ಬಿದರಿ ಕೆಲಸ ನಿಮಗೆ ಗೊತ್ತೇ ಅದ: ಸತು-ತಾಮ್ರದ ಎರಕ, ಅದರಾಗ ಕೂಡಿಸಿದ ಬೆಳ್ಳಿ, ಕೋಟೆ ಮಣ್ಣಿನಿಂದ ಬರೋ ಆ ಕಪ್ಪು. ಇಂಥಾ ಒಂದು ಅಂಗಡಿಗೆ ಕನ್ನಡದಾಗ ವೆಬ್‌ಸೈಟ್ ಮಾಡೋದನ್ನೇ ಉದಾಹರಣೆ ಇಟ್ಕೊಂಡು ಇವತ್ತು ವರ್ಡ್‌ಪ್ರೆಸ್, ಅಂದ್ರ ಕೋಡ್ ಬರೀದೇ ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್, ನೋಡೋಣ. ಇಂಗ್ಲಿಷ್ ಟ್ಯುಟೋರಿಯಲ್ ಬೇಕಾದಷ್ಟು ಅವ. ಆದ್ರ ಕನ್ನಡ ಹಾಕಿದಾಗ ಮಾತ್ರ ಬರೋ ತೊಂದರೆ ಅವುಗಳಾಗ ಇರಂಗಿಲ್ಲ. ಹೊಸಬರು ಬ್ಯಾಸತ್ತು ಬಿಟ್ಟು ಹೋಗೋದು ಹೆಚ್ಚಾಗಿ ಅಲ್ಲೇ.

ಮೊದಲ ಗೊಂದಲ ಎಲ್ಲರಿಗೂ ಒಂದೇ: ವರ್ಡ್‌ಪ್ರೆಸ್ ಮೆನುದಾಗ ಯಾವುದು ಎಲ್ಲಿ ಅದ? ಹೂದಾನಿ ರೇಟ್ ಬದಲಿ ಮಾಡಬೇಕಂದ್ರ 'ಪೇಜಸ್'. ಮ್ಯಾಲಿನ ಪಟ್ಟಿ, ಕೆಳಗಿನ ಪಟ್ಟಿ ಬದಲಿ ಮಾಡಬೇಕಂದ್ರ 'ಅಪಿಯರೆನ್ಸ್' ಒಳಗಿನ 'ಎಡಿಟರ್'. ಸೈಟಿನ ಹೆಸರು, ಟೈಮು, ಲಿಂಕಿನ ರೂಪ ಇವೆಲ್ಲಾ 'ಸೆಟ್ಟಿಂಗ್ಸ್'. ಮಾತು ಒಂದು ಕಡೆ, ಮೈಕಟ್ಟು ಇನ್ನೊಂದು ಕಡೆ, ಇಷ್ಟು ತಲ್ಯಾಗ ಕೂತ್ರ ಅರ್ಧ ಕೆಲಸ ಹಗುರ. ಹಳೇ ವಿಡಿಯೋ ನೋಡಿ ಕಲಿಯೋರು ಒಂದು ತಿಳ್ಕೊಳ್ರಿ: ಬ್ಲಾಕ್ ಎಡಿಟರ್ (ಪ್ಯಾರಾ, ಫೋಟೋ ಒಂದೊಂದನ್ನೂ ಬ್ಯಾರೆ ತುಂಡಾಗಿ ಕೂಡಿಸೋದು) ಬಂದದ್ದು 2018ರ ಡಿಸೆಂಬರ್‌ನಾಗ, ವರ್ಡ್‌ಪ್ರೆಸ್ 5.0 ಆವೃತ್ತಿ ಜೋಡಿ. ಪೂರಾ ಸೈಟ್ ಎಡಿಟರ್ ಬಂದದ್ದು 2022ರ ಜನವರಿಯಾಗ, 5.9 ಜೋಡಿ. ಬ್ಲಾಕ್ ಥೀಮ್ (ಥೀಮ್ ಅಂದ್ರ ಸೈಟಿನ ರೂಪ, ಬ್ಲಾಕ್ ಥೀಮ್ ಅಂದ್ರ ಈ ಸೈಟ್ ಎಡಿಟರ್‌ಗೇ ಮಾಡಿದ್ದು) ಹಾಕಿದ ಮ್ಯಾಲ ಹಳೇ 'ಕಸ್ಟಮೈಸ್' ಮೆನು ಸಾಮಾನ್ಯವಾಗಿ ಕಾಣಂಗಿಲ್ಲ. ಅದನ್ನ ಹುಡುಕ್ಕೋತ ಕೂಡಬ್ಯಾಡ್ರಿ.

ಒಂದಕ್ಷರ ಬರಿಯೋಕಿಂತ ಮೊದಲು ಮೂರು ಸೆಟ್ಟಿಂಗ್ ಸರಿ ಮಾಡ್ರಿ. 'ಜನರಲ್' ಒಳಗ ಟೈಮ್‌ಝೋನ್ ಕೋಲ್ಕತಾ ಇಡ್ರಿ. ಅದು ಯುಟಿಸಿ (ನಮಗಿಂತ ಐದೂವರಿ ತಾಸು ಹಿಂದಿರೋ ಜಾಗತಿಕ ಟೈಮು) ಮ್ಯಾಲೇ ಉಳೀತಂದ್ರ, ಮುಂಜಾನಿ 9ಕ್ಕ ಶೆಡ್ಯೂಲ್ ಮಾಡಿದ ಪೋಸ್ಟ್ ನಮ್ಮ ಟೈಮಿಗೆ ಮಧ್ಯಾಹ್ನ ಎರಡೂವರಿಗೆ ಬೀಳ್ತದ. ಇನ್ನೂ ಒಂದು ಮಾತು, ವರ್ಡ್‌ಪ್ರೆಸ್‌ನ ಶೆಡ್ಯೂಲ್ ತನ್ನಷ್ಟಕ್ಕ ಓಡೋ ಗಡಿಯಾರ ಅಲ್ಲ. ಯಾರಾರೆ ಸೈಟಿಗೆ ಬಂದಾಗಷ್ಟೇ ಅದು ಎದ್ದು ನೋಡ್ತದ. ಜನ ಕಡಿಮೆ ಬರೋ ಸೈಟಿನ್ಯಾಗ ಪೋಸ್ಟ್ ತಡ ಆಗೋದು ಅದಕ್ಕೇ. ಎರಡನೇದು, 'ಪರ್ಮಾಲಿಂಕ್ಸ್' ಒಳಗ 'ಪೋಸ್ಟ್ ನೇಮ್' ಆರಿಸ್ರಿ. ಮೂರನೇದು, 'ರೀಡಿಂಗ್' ಒಳಗ ಸರ್ಚ್ ಎಂಜಿನ್ ಬರಬ್ಯಾಡ ಅನ್ನೋ ಒಂದು ಟಿಕ್ ಅದ. ಕೆಲಸ ನಡೆದಾಗ ಇರಲಿ. ಸೈಟ್ ಜನರಿಗೆ ತೆರೆಯೋ ದಿನ ತೆಗೀಲೇಬೇಕು. ಇಲ್ಲಾಂದ್ರ ಗೂಗಲ್‌ನಾಗ ಅಂಗಡಿ ಕಾಣಂಗಿಲ್ಲ, ಯಾಕಂತ ತಿಳಿಯೋದೂ ಇಲ್ಲ.

ಈಗ ಕನ್ನಡದ ಖಾಸಾ ತೊಂದರೆಗೆ ಬರೋಣ. ಸ್ಕ್ರೀನ್ ನೋಡ್ರಿ. ಶೀರ್ಷಿಕೆ ಹಿಂಗ ಹಾಕೀವಿ: 'ಬಿದರಿ ಹೂದಾನಿಗೆ ಹೊಳಪು ಕೊಡುವ ವಿಧಾನ'. ಸೇವ್ ಮಾಡಿ ಲಿಂಕ್ ನೋಡಿದ್ರ 'ಬಿದರಿ-ಹೂದಾನಿಗೆ-ಹೊಳಪು-ಕೊಡ' ಅಂತ ನಡುವೇ ಕಡಿದು ಹೋಗ್ಯದ. ಥೀಮ್ ಕೆಟ್ಟಿಲ್ಲ, ಹೋಸ್ಟಿಂಗೂ (ಸೈಟ್ ಇಟ್ಟಿರೋ ಸರ್ವರ್) ಕೆಟ್ಟಿಲ್ಲ. ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್. ಲಿಂಕಿನ್ಯಾಗ ಒಂದೊಂದು ಬೈಟಿಗೆ ಮೂರು ಜಾಗ ಬೇಕು. ಬರೀ 'ಕ' ಅನ್ನೋದು ಪರ್ಸೆಂಟ್ ಇ-ಝೀರೋ, ಪರ್ಸೆಂಟ್ ಬಿ-ಟೂ, ಪರ್ಸೆಂಟ್ ನೈನ್-ಫೈವ್ ಅಂತ ಒಂಬತ್ತು ಜಾಗ ತಿಂತದ. ಗುಣಿತದ ಚಿಹ್ನೆಗೂ ಅಷ್ಟೇ, ಹಂಗಾಗಿ 'ಕೊ' ಅಂದ್ರ ಹದಿನೆಂಟು. ಸ್ಲಗ್‌ಗೆ, ಅಂದ್ರ ಲಿಂಕಿನ ಕೊನೇ ಭಾಗಕ್ಕ, ಡೇಟಾಬೇಸಿನ್ಯಾಗ ಇರೋದು 200 ಜಾಗ. ಅಂದ್ರ ಹೆಚ್ಚಂದ್ರ 22 ಚಿಹ್ನೆ, ಅಲ್ಲಿಗೆ ಮುಗೀತು. ಅದಕ್ಕ ಪಬ್ಲಿಶ್ ಹೊಡಿಯೋ ಮೊದಲೇ ಬಲಗಡೆ ಪಟ್ಟಿದಾಗ 'ಸ್ಲಗ್' ತೆಗೆದು ಇಂಗ್ಲಿಷ್ ಅಕ್ಷರದಾಗ ಎರಡ್ಮೂರು ಪದ ಬರೀರಿ, ನಡುವ ಹೈಫನ್. ಶೀರ್ಷಿಕೆ ಕನ್ನಡದಾಗೇ ಇರ್ತದ, ಅದಕ್ಕೇನೂ ಆಗಂಗಿಲ್ಲ. ವಾಟ್ಸಾಪ್‌ನಾಗ ಕಳಿಸಿದಾಗೂ ಲಿಂಕ್ ಸಣ್ಣದಾಗಿ, ಓದೋ ಹಂಗ ಬರ್ತದ. ಪಬ್ಲಿಶ್ ಆದ ಮ್ಯಾಲ ಸ್ಲಗ್ ಬದಲಿ ಮಾಡಿದ್ರ, ಪೋಸ್ಟಿನ ಹಳೇ ಲಿಂಕ್ ತಾನೇ ಹೊಸದಕ್ಕ ಹೋಗ್ತದ. ಪೇಜಿನ ಹಳೇ ಸ್ಲಗ್ ಮಾತ್ರ ವರ್ಡ್‌ಪ್ರೆಸ್ ನೆನಪಿಡಂಗಿಲ್ಲ.

ಇನ್ನೊಂದು ದೊಡ್ಡ ತಲೆನೋವು ನುಡಿ ಫೈಲ್, ಅಂದ್ರ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ್ಯಾಗ ಬರೆದದ್ದು. ಬೀದರ್ ಇರ್ಲಿ, ಕಲಬುರಗಿ ಇರ್ಲಿ, ಅಂಗಡಿಯವರ ಹತ್ರ ಇರೋ ಕನ್ನಡ ಮಾಹಿತಿ ಎಲ್ಲಾ ಡಿಟಿಪಿಯವರು ಪಾಂಪ್ಲೆಟ್‌ಗೆ ಟೈಪ್ ಮಾಡಿದ್ದು. ಅದನ್ನ ಪೇಸ್ಟ್ ಮಾಡಿದ್ರ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ತಲೆ ಮ್ಯಾಲ ಚುಕ್ಕಿ-ಗೆರೆ ಇರೋ ಅಕ್ಷರ ಕಲಸಿ ಬರ್ತಾವ. ಹಳೇ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಾಗೇ ಕನ್ನಡ ಆಕಾರ ಕೂಡಿಸಿದ್ವು. ಫಾಂಟ್ ತೆಗೆದ ಕೂಡ್ಲೇ ಒಳಗಿಂದು ಹೊರಗ ಬರ್ತದ. ಯುನಿಕೋಡ್ (ಎಲ್ಲಾ ಕಡೆ ಒಂದೇ ಥರ ಓದೋಕೆ ಬರೋ ಅಕ್ಷರ ಸಂಕೇತ) ಪರಿವರ್ತಕದಾಗ ಹಾಕಿ ತಗೀರಿ, ಆಮ್ಯಾಲ ಕಂಟ್ರೋಲ್-ಶಿಫ್ಟ್-ವಿ ಒತ್ತಿ ಪೇಸ್ಟ್ ಮಾಡ್ರಿ. ಆದ್ರ ಪರಿವರ್ತಕ ಹೇಳಿದ್ದೇ ಖರೆ ಅಂತ ನಂಬಿ ಪಬ್ಲಿಶ್ ಮಾಡಬ್ಯಾಡ್ರಿ. ನಡುವ ಇರೋ ಇಂಗ್ಲಿಷ್ ಪದ, ಇಮೇಲ್ ವಿಳಾಸನೂ ಅದು ಕನ್ನಡ ಅಂತ ತಿಳಿದು ಕೆಡಿಸ್ತದ. ಅರ್ಕಾವತ್ತು ಬಂದಲ್ಲೆಲ್ಲಾ ಒಂದ್ಸಲ ಕಣ್ಣಾಡಿಸ್ರಿ.

ಫಾಂಟ್ ವಿಷಯ. ನೀವು ಏನೂ ಆರಿಸದಿದ್ರ ಆಂಡ್ರಾಯ್ಡ್ ಒಂದು ಥರ ತೋರಿಸ್ತದ, ವಿಂಡೋಸ್ ಇನ್ನೊಂದು ಥರ. ವರ್ಡ್‌ಪ್ರೆಸ್ 6.5ರಿಂದ ಫಾಂಟ್ ಲೈಬ್ರರಿ ಒಳಗೇ ಅದ, ನೋಟೋ ಸಾನ್ಸ್ ಕನ್ನಡದಂಥಾದ್ದು ಹಾಕ್ರಿ. ಸಾದಾ 400, ದಪ್ಪ 700, ಎರಡೇ ಸಾಕು. ಎಲ್ಲಾ ತೂಕ ತುಂಬಿದ್ರ ಪೇಜ್ ಭಾರ ಆಗ್ತದ. ಖರೆ ಕೆಲಸ ಇರೋದು ಸಾಲಿನ ಅಂತರದಾಗ. ಥೀಮ್‌ಗಳು ಹೆಡಿಂಗ್‌ಗೆ 1.1, 1.2 ಲೈನ್ ಹೈಟ್ ಇಟ್ಟಿರ್ತಾವ. ಇಂಗ್ಲಿಷಿಗೆ ಅದು ಚಂದ. ಕನ್ನಡಕ್ಕ ಇಟ್ರ ಮ್ಯಾಲಿನ ಸಾಲಿನ 'ಶಾಸ್ತ್ರ'ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡೀತದ. 'ಎಡಿಟರ್' ಒಳಗ ಸ್ಟೈಲ್ಸ್, ಟೈಪೊಗ್ರಫಿ, ಹೆಡಿಂಗ್ಸ್ ಅಂತ ಹೋಗಿ 1.4 ಮಾಡ್ರಿ, ಪ್ಯಾರಾಗ್ರಾಫ್‌ಗೆ 1.7. ಅಲ್ಲೇ ಲೆಟರ್ ಸ್ಪೇಸಿಂಗ್ ಮೈನಸ್ ಇದ್ರ ಸೊನ್ನೆ ಮಾಡ್ರಿ, ಇಲ್ಲಾಂದ್ರ ಅಕ್ಷರ ಒಂದಕ್ಕೊಂದು ಅಂಟ್ಕೋತಾವ. ಎಕ್ಸರ್ಪ್ಟ್ (ಪಟ್ಟಿದಾಗ ಕಾಣೋ ಪೋಸ್ಟಿನ ತುಣುಕು) ಕೂಡ ಮೂಲದಾಗ 55 ಪದ ತಗೊಳ್ತದ. ನಮ್ಮ ಪದ ಉದ್ದ ಇರ್ತಾವ, 20ರಿಂದ 25 ಸಾಕು.

ಫೋಟೋ ಬೇಗ ಹೇಳಿ ಮುಗಿಸ್ತೀನಿ. ಬಿದರಿ ಕಪ್ಪು ಇರೋದರಿಂದ ಮೊಬೈಲ್ ಕ್ಯಾಮೆರಾ ಬೆಳಕು ಏರಿಸಿ ಕಪ್ಪನ್ನ ಬೂದಿ ಬಣ್ಣ ಮಾಡ್ತದ. ಎಕ್ಸ್‌ಪೋಜರ್ ಸ್ವಲ್ಪ ಇಳಿಸಿ ತೆಗೀರಿ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ ಅಪ್ಲೋಡ್ ಮಾಡ್ರಿ. ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರೋ ಭಾಷೆ) ಅಪ್ಲೋಡಿಗೆ ಇಟ್ಟ ಮೂಲ ಮಿತಿ 2 ಎಂಬಿ. ಹೋಸ್ಟಿಂಗ್‌ನವರು ಅದನ್ನ ಏರಿಸಿರದಿದ್ರ ಮೊಬೈಲಿನ ದೊಡ್ಡ ಫೋಟೋ ಒಳಗ ಹೋಗಂಗಿಲ್ಲ.

ಪ್ಲಗಿನ್ (ಹೆಚ್ಚಿನ ಸೌಲಭ್ಯ ಕೊಡೋ ಸಣ್ಣ ಪ್ರೋಗ್ರಾಂ) ಹಾಕಿದ ಕೂಡ್ಲೇ 'ಕ್ರಿಟಿಕಲ್ ಎರರ್' ಅಂತ ಸೈಟ್ ನಿಂತ್ರ ಹೆದರಬ್ಯಾಡ್ರಿ, ಬರೆದದ್ದು ಎಲ್ಲೂ ಹೋಗಿಲ್ಲ. ಅಡ್ಮಿನ್ ಇಮೇಲ್ ನೋಡ್ರಿ, ವರ್ಡ್‌ಪ್ರೆಸ್ 5.2ರಿಂದ ರಿಕವರಿ ಮೋಡ್ (ಕೆಟ್ಟ ಪ್ಲಗಿನ್ ಪಕ್ಕಕ್ಕಿಟ್ಟು ಒಳಗ ಹೋಗೋ ದಾರಿ) ಲಿಂಕ್ ಬರ್ತದ. ಬರದಿದ್ರ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಾಗ ಡಬ್ಲ್ಯುಪಿ-ಕಂಟೆಂಟ್ ಒಳಗಿನ 'ಪ್ಲಗಿನ್ಸ್' ಫೋಲ್ಡರ್ ಹೆಸರು ಬದಲಿಸಿ, ಲಾಗಿನ್ ಆಗಿ ಪ್ಲಗಿನ್ಸ್ ಪೇಜ್ ಒಂದ್ಸಲ ತೆರೀರಿ. ಎಲ್ಲಾ ಪ್ಲಗಿನ್ ಬಂದ್ ಆಗ್ತಾವ. ಹೆಸರು ವಾಪಸ್ ಹಾಕಿ ಒಂದೊಂದೇ ಚಾಲೂ ಮಾಡ್ರಿ. ಯಾವುದು ಹಾಕಿದಾಗ ಮತ್ತ ಸೈಟ್ ನಿಲ್ತದೋ ಅದೇ ಕೆಟ್ಟದ್ದು. ಮುಖಪುಟ ಚೊಲೋ ಇದ್ದು ಉಳಿದ ಪೇಜ್ ಎಲ್ಲಾ 404 (ಪೇಜ್ ಸಿಗಲಿಲ್ಲ) ಅಂದ್ರ, ಪರ್ಮಾಲಿಂಕ್ಸ್‌ಗೆ ಹೋಗಿ ಏನೂ ಬದಲಿ ಮಾಡದೇ 'ಸೇವ್' ಒತ್ರಿ. ಭಾಳ ಸಲ ಅಷ್ಟಕ್ಕೇ ಸರಿ ಹೋಗ್ತದ.

ಇಷ್ಟೆಲ್ಲಾ ಕಲಿತದ್ದು ಎಲ್ಲಿ ಕೈ ಹಿಡೀತದ ಅಂದ್ರ, ನನಗ ಭಾಳ ಹಿಡಿಸಿದ್ದು 'ಸಿಂಕ್ಡ್ ಪ್ಯಾಟರ್ನ್'. ಅಂಗಡಿ ಫೋನ್ ನಂಬರ್, ಟೈಮು, ರೇಟ್ ಪಟ್ಟಿ ಒಂದು ಗ್ರೂಪ್ ಮಾಡಿ, ಮೂರು ಚುಕ್ಕಿ ಒತ್ತಿ 'ಕ್ರಿಯೇಟ್ ಪ್ಯಾಟರ್ನ್', 'ಸಿಂಕ್ಡ್' ಚಾಲೂ. ಇದನ್ನ ಎಷ್ಟು ಪೇಜಿನ್ಯಾಗ ಬೇಕಾದ್ರೂ ಕೂಡಿಸ್ರಿ. ಬೆಳ್ಳಿ ರೇಟ್ ಏರಿದ ದಿನ 'ಎಡಿಟ್ ಒರಿಜಿನಲ್' ಒತ್ತಿ ಒಂದು ಕಡೆ ತಿದ್ದಿದ್ರ ಎಲ್ಲಾ ಕಡೆ ಬದಲಿ ಆಗ್ತದ. ಪೇಜಿನ ಬರಹ ತಪ್ಪಾಗಿ ಅಳಿಸಿದ್ರ ಆ ಪೇಜಿನ 'ರಿವಿಷನ್ಸ್' ತೆಗೆದು ಹಿಂದಿನದ್ದು ತರಬಹುದು. ಅಂಗಡಿಯವರಿಗೆ ಅಡ್ಮಿನ್ ಕೊಡಬ್ಯಾಡ್ರಿ, 'ಎಡಿಟರ್' ರೋಲ್ ಕೊಡ್ರಿ. ರೇಟ್, ಫೋಟೋ, ಬರಹ ಎಲ್ಲಾ ಅವರ ಕೈಯಾಗ ಇರ್ತಾವ, ಥೀಮ್ ಮತ್ತ ಪ್ಲಗಿನ್ ಮಾತ್ರ ಅವರಿಗೆ ಕಾಣಂಗಿಲ್ಲ. ರೇಟ್ ಬದಲಿ ಮಾಡ್ಲಿಕ್ಕ ಅವರು ಯಾರ ದಾರಿನೂ ಕಾಯಬೇಕಾಗಿಲ್ಲ.