ಮೊದಲು ತುಂಬುವ ಬೋಲ್ಟ್

ಕೇಳುಗರೇ, ನಮಸ್ಕಾರ. ಆಟೋಮ್ಯಾಟಿಕ್ ಕಾರಿನ ಗೇರ್ ಬಾಕ್ಸ್ ಆಯಿಲನ್ನೂ ಫಿಲ್ಟರನ್ನೂ ಮನೆಯಂಗಳದಲ್ಲೇ ಬದಲಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಖಂಡಿತ ಬದಲಿಸಬಹುದು. ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ, ಇರುವ ಗೇರ್ ಬಾಕ್ಸಿನ ಮಾತು ಇದು. ಎಎಂಟಿ ಕಾರಿನವರಿಗಲ್ಲ, ಅದರ ಒಳಗಿರುವುದು ಕೈಯಿಂದ ಗೇರ್ ಹಾಕುವ ಕಾರಿನ ಮಾಮೂಲಿ ಗೇರ್ ಬಾಕ್ಸೇ, ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು.

ಈ ಹತ್ತು ನಿಮಿಷದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಂಡರೂ ನನಗೆ ಸಂತೋಷ. ಆಯಿಲ್ ತುಂಬುವ ಬೋಲ್ಟ್ ಸಡಿಲವಾಗುವವರೆಗೆ ಇಳಿಸುವ ಬೋಲ್ಟನ್ನು ಮುಟ್ಟಬೇಡಿ.

ಏಕೆಂದರೆ ಈ ಆಯಿಲ್ ಬರೀ ಜಾರಿಕೆಗಾಗಿ ಇರುವುದಲ್ಲ. ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವುದು ಇದೇ, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಇದೇ. ಆಯಿಲ್ ಇಲ್ಲದಿದ್ದರೆ ಎಂಜಿನ್ ಎಷ್ಟೇ ಮೊರೆದರೂ ಕಾರು ಒಂದು ಗೇಣು ಕದಲುವುದಿಲ್ಲ.

ನಾನು ಗ್ಯಾರೇಜ್ ತೆರೆದು ನಾಲ್ಕು ವರ್ಷವಾಗಿದ್ದಾಗಿನ ಮಾತು. ನಮ್ಮ ಭಾವನವರ ಕಾರು ಮಂಗಳೂರಿನಲ್ಲಿ, ಸಮುದ್ರಕ್ಕೆ ತೀರ ಹತ್ತಿರದ ಮನೆಯಲ್ಲಿ ಒಂಬತ್ತು ವರ್ಷ ಇದ್ದದ್ದು. ಅಳತೆ ಕಡ್ಡಿ ಇಲ್ಲದ ಗೇರ್ ಬಾಕ್ಸ್. ಪಕ್ಕದಲ್ಲಿ ಒಂದು ಬೋಲ್ಟ್, ಅಲ್ಲಿಂದಲೇ ತುಂಬಬೇಕು. ಭಾನುವಾರ ಬೆಳಿಗ್ಗೆ ಹಲಸಿನ ಮರದಡಿ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೆಳಗಿನ ಬೋಲ್ಟ್ ಬಿಚ್ಚಿದೆ. ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನ ಹಾಗೆ ಬಕೆಟ್ಟಿಗೆ ಇಳಿಯಿತು. ಗೇರ್ ಬಾಕ್ಸಿನ ತಳದ ಪ್ಯಾನ್ ಬಿಚ್ಚಿ ಒರೆಸಿದೆ, ಹೊಸ ಫಿಲ್ಟರ್ ಕೂರಿಸಿದೆ, ಸೋರದಂತೆ ಗ್ಯಾಸ್ಕೆಟ್ ಹಾಕಿ ಮುಚ್ಚಿದೆ. ಮನಸ್ಸಿಗೆ ಬಹಳ ಹಿತವಾಗಿತ್ತು. ಆಮೇಲೆ ಪಕ್ಕದ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಅದು ಕಚ್ಚಿಕೊಂಡಿತ್ತು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜಗ್ಗಿದೆ. ಕರಕ್ ಎಂದು ಸದ್ದಾಯಿತು. ಬೋಲ್ಟ್ ತಿರುಗಿರಲಿಲ್ಲ, ಅದರ ಆರು ಮೂಲೆಗಳೂ ಸವೆದು ದುಂಡಗಾಗಿದ್ದವು.

ಅಂದು ಸಂಜೆ ಅಕ್ಕನ ಅತ್ತೆಯವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಬಾಡಿಗೆ ಕಾರು ಹುಡುಕಿ ಕಳುಹಿಸಿದೆವು. ಭಾವನವರು ಒಂದು ಮಾತೂ ಆಡಲಿಲ್ಲ. ಮರುದಿನ ಬೆಸುಗೆಯವರು ಬಂದು, ಆ ಬೋಲ್ಟಿನ ತಲೆಗೆ ಹೊಸ ನಟ್ ಬೆಸೆದು, ಕಾವು ಆರುವ ಮೊದಲೇ ತಿರುಗಿಸಿ ತೆಗೆದರು. ಬೆಳಿಗ್ಗೆಯೇ ಅದನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಹಳೆಯ ಆಯಿಲಿನಲ್ಲೇ ಕಾರು ಓಡಾಡಿಕೊಂಡಿರುತ್ತಿತ್ತು. ಮೊದಲು ತುಂಬುವ ಬೋಲ್ಟ್, ಆಮೇಲೆ ಇಳಿಸುವ ಬೋಲ್ಟ್.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ. ಪ್ಯಾನಿನೊಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಹಳೆಯ ಫಿಲ್ಟರ್ ಕಿತ್ತಾಗ ಅದರ ರಬ್ಬರ್ ಉಂಗುರ ಮೇಲಿನ ತೂತಿನಲ್ಲೇ ಉಳಿದಿರಬಹುದು, ಬೆರಳು ಹಾಕಿ ನೋಡಿ. ಇಳಿದ ಆಯಿಲನ್ನು ಅಳೆದು ಅಷ್ಟೇ ಹಾಕಿ. ಟಾರ್ಕ್ ಕನ್ವರ್ಟರಿನಲ್ಲಿ ನಿಂತ ಆಯಿಲ್ ಹೀಗೆ ಇಳಿಯುವುದಿಲ್ಲ, ಹಾಗಾಗಿ ಡಬ್ಬಿಯಲ್ಲಿ ಉಳಿಯಿತೆಂದು ಹೆಚ್ಚು ಸುರಿಯಬೇಡಿ. ಯಾವುದಾದರೂ ಕೆಂಪು ಆಯಿಲ್ ನಡೆಯುತ್ತದಲ್ಲವೇ ಎಂದು ಪ್ರತಿವಾರ ಯಾರಾದರೊಬ್ಬರು ಕೇಳುತ್ತಾರೆ. ನಡೆಯುವುದಿಲ್ಲ. ಕೆಂಪು ಬರೀ ಬಣ್ಣ. ಕಾರಿನ ಕೈಪಿಡಿಯಲ್ಲಿ ಬರೆದ ಹೆಸರೇ ಡಬ್ಬಿಯ ಮೇಲೂ ಇರಬೇಕು. ಕೊನೆಯ ಮಟ್ಟ ನೋಡುವಾಗ ಆಯಿಲ್ ಎಷ್ಟು ಬಿಸಿ ಇರಬೇಕು ಎಂಬುದನ್ನೂ ಅದೇ ಕೈಪಿಡಿಯಲ್ಲಿ ಓದಿಕೊಳ್ಳಿ, ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಚರಂಡಿಗಾಗಲಿ ತೆಂಗಿನ ಬುಡಕ್ಕಾಗಲಿ ಸುರಿಯಬೇಡಿ. ಡಬ್ಬಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಮಸ್ಕಾರ.