ಇವತ್ತು ಮೊದಲ ಪೀರಿಯಡ್ ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಸೋಮವಾರದ ಹೊಟ್ಟೆನೋವು ಅಂತ ಒಂದಿದೆ. ಯಾವ ವೈದ್ಯರ ಪುಸ್ತಕದಲ್ಲೂ ಈ ಹೆಸರು ಸಿಗುವುದಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಗೊತ್ತು. ಭಾನುವಾರ ಕತ್ತಲಾಗುವವರೆಗೂ ಕ್ರಿಕೆಟ್ ಆಡಿದ ಹುಡುಗ ಸೋಮವಾರ ಎಂಟೂವರೆಗೆ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಾನೆ. ಶಾಲೆಯ ಗಂಟೆ ಹೊಡೆದು ಸ್ವಲ್ಪ ಹೊತ್ತಾದರೆ ನೋವು ಮಾಯ. 'ಎಲ್ಲಾ ನಾಟಕ' ಅಂತೀವಿ, ಅಲ್ವಾ? ಸಾಮಾನ್ಯವಾಗಿ ಅದು ನಾಟಕ ಆಗಿರುವುದಿಲ್ಲ. ಹೆದರಿಕೆಯಾದರೆ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ದೊಡ್ಡವರು ಅದಕ್ಕೆ ಟೆನ್ಷನ್ ಅಂತ ಹೆಸರಿಡುತ್ತೇವೆ. ಮಕ್ಕಳು ಹೊಟ್ಟೆ ತೋರಿಸುತ್ತಾರೆ.

ನಾನು ಕೋಲಾರ ಜಿಲ್ಲೆಯ ಕೆಲವು ಶಾಲೆಗಳಿಗೆ ಹೋಗಿಬರುವ ಶೈಕ್ಷಣಿಕ ಮನಶ್ಶಾಸ್ತ್ರಜ್ಞೆ. ಹೆಸರು ಉದ್ದ. ಮಕ್ಕಳು 'ಕೌನ್ಸೆಲರ್ ಮಿಸ್' ಅಂತಾರೆ. ಊರಿನವರು 'ತಲೆ ಡಾಕ್ಟ್ರು' ಅಂತಾರೆ. ನಾನು ಡಾಕ್ಟರ್ ಅಲ್ಲ, ಮಾತ್ರೆ ಬರೆದುಕೊಡುವುದಿಲ್ಲ. ಅಂದಹಾಗೆ, ಈ ಬಾನುಲಿಗೂ ನಮ್ಮ ವಿದ್ಯೆಗೂ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದರು.

ಇರಲಿ. ಮುಳಬಾಗಿಲು ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಏಳನೇ ತರಗತಿ. ಮೇಷ್ಟ್ರು ಕಳಿಸಿದ ಚೀಟಿಯಲ್ಲಿ ಮೂರೇ ಮಾತು: ಓದಲ್ಲ, ಬರೆಯಲ್ಲ, ಸೋಮಾರಿ. ಜೊತೆಗೆ, ಸೋಮವಾರ ಬಂದರೆ ರಜೆ.

ಇಂಥ ಚೀಟಿ ಬಂದ ತಕ್ಷಣ ಮಗುವನ್ನು ಕೂರಿಸಿ ಬುದ್ಧಿ ಅಳೆಯುವುದಿಲ್ಲ. ಕಣ್ಣು ಸರಿಯಿದೆಯಾ, ಕಿವಿ ಸರಿಯಾಗಿ ಕೇಳಿಸುತ್ತದಾ, ಅದು ಮೊದಲು. ಬೋರ್ಡ್ ಕಾಣಿಸದ ಎಷ್ಟೋ ಮಕ್ಕಳು ದಡ್ಡರು ಅನ್ನಿಸಿಕೊಂಡಿದ್ದಾರೆ. ಆಮೇಲೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡುತ್ತೇನೆ. ನೋಟ್ಸ್ ತಿರುವಿ ಹಾಕುತ್ತೇನೆ.

ಇವನ ನೋಟ್ಸಿನಲ್ಲಿ ಒತ್ತಕ್ಷರಗಳೇ ಇರಲಿಲ್ಲ. 'ಕಲ್ಲು' ಬರೆಯಲು ಹೇಳಿದರೆ 'ಕಲು'. ಓದಲು ಹೇಳಿದರೆ 'ಕಾಲು'. ಮನೆಮಾತು ತೆಲುಗು. ನಮ್ಮ ಕಡೆ ಇದು ಮಾಮೂಲು. ಮನೆಯಲ್ಲಿ ತೆಲುಗು, ಕೆಜಿಎಫ್ ಕಡೆ ಹೋದರೆ ತಮಿಳು, ಶಾಲೆಯಲ್ಲಿ ಕನ್ನಡ. ಹಾಗಾಗಿ ನಾನು ಭಾಷೆಯ ತೊಡಕು ಅಂತ ತೀರ್ಮಾನ ಮಾಡಿ, ಕನ್ನಡ ಜಾಸ್ತಿ ಮಾತಾಡಿಸಿ ಅಂತ ಹೇಳಿ ಬಂದೆ. ತಪ್ಪು ಮಾಡಿದ್ದೆ. ಮೂರು ತಿಂಗಳು ಹಾಳಾಯಿತು.

ಅದು ಗೊತ್ತಾಗಿದ್ದು ಅವನ ತಂಗಿಯಿಂದ. ಅದೇ ಮನೆ, ಅದೇ ತೆಲುಗು, ನಾಲ್ಕನೇ ತರಗತಿ. ಅಣ್ಣನ ಪುಸ್ತಕವನ್ನು ಗಡಗಡ ಓದಿಬಿಟ್ಟಳು.

ಮತ್ತೆ ಅವನ ಜೊತೆ ಕೂತೆ. ಪುಸ್ತಕ ಪಕ್ಕಕ್ಕಿಟ್ಟು ಟೊಮೆಟೊ ವಿಷಯ ತೆಗೆದೆ. ಅಪ್ಪನ ಜೊತೆ ಕೋಲಾರದ ಮಂಡಿಗೆ ಹೋಗುತ್ತಿದ್ದ ಹುಡುಗ. 15 ಕೆಜಿ ಬಾಕ್ಸ್ 420 ರೂಪಾಯಿಗೆ ಹೋದರೆ ಕೆಜಿಗೆ ಎಷ್ಟು ಬಿತ್ತು ಅಂದೆ. ನಾನು ಲೆಕ್ಕ ಶುರುಮಾಡುವ ಮುಂಚೆ 'ಇಪ್ಪತ್ತೆಂಟು' ಅಂದ. ಇದೇ ಥರದ ಲೆಕ್ಕ ಪರೀಕ್ಷೆಯಲ್ಲಿ ಬಂದಾಗ ಅವನಿಗೆ ಸೊನ್ನೆ. ಲೆಕ್ಕ ಬಾರದ್ದಕ್ಕಲ್ಲ, ಪ್ರಶ್ನೆ ಓದಲಾಗದ್ದಕ್ಕೆ.

ಆಮೇಲೆ ಪರೀಕ್ಷೆಗಳಾದವು. ಬುದ್ಧಿ ಅಳೆಯಲು ನಾವು ಬಳಸುವ ಬಿನೆ–ಕಾಮತ್ ಪರೀಕ್ಷೆ ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಶುರುಮಾಡಿದ್ದರ ವಂಶದ್ದು. ವಿ.ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ತೆಲುಗು ಮನೆಯ ಹುಡುಗನಿಗೆ ಕನ್ನಡದ ಪರೀಕ್ಷೆ ಕೊಡುವಾಗ ಅಂಕ ಒಂದನ್ನೇ ನಂಬಬಾರದು. ಉತ್ತರ ಹೇಗೆ ಹೇಳಿದ, ಎಲ್ಲಿ ತಡವರಿಸಿದ ಅನ್ನುವುದೂ ಮುಖ್ಯ. ಕೊನೆಗೆ ಗೊತ್ತಾದದ್ದು ಇಷ್ಟು: ಬುದ್ಧಿಗೆ ಏನೂ ಕೊರತೆಯಿಲ್ಲ. ಇರುವುದು ಓದು-ಬರಹದ ಕಲಿಕಾ ನ್ಯೂನತೆ, ಡಿಸ್ಲೆಕ್ಸಿಯಾ.

ಹೊಟ್ಟೆನೋವು? ಸೋಮವಾರದ ಮೊದಲ ಪೀರಿಯಡ್ ಕನ್ನಡ. ಒಬ್ಬೊಬ್ಬರಾಗಿ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಅಷ್ಟೇ!

ಮನೆಗೆ ಹೋದಾಗ ಅಜ್ಜಿ ಬಾಗಿಲಲ್ಲೇ ತಡೆದರು. 'ಮಾ ವಾಡಿಕಿ ಪಿಚ್ಚಿ ಲೇದಮ್ಮಾ' ಅಂದರು. ನಮ್ಮ ಹುಡುಗನಿಗೆ ಹುಚ್ಚಿಲ್ಲಮ್ಮ ಅಂತ. ನನಗೂ ಗೊತ್ತಜ್ಜಿ ಅಂದೆ. ಕಾಫಿ ಸಿಕ್ಕಿತು.

ನಾವು ಮಾಡಿದ್ದು ದೊಡ್ಡದೇನಲ್ಲ. ಮೇಷ್ಟ್ರು ಅವನನ್ನು ಎಲ್ಲರೆದುರು ಓದಿಸುವುದು ಬಿಟ್ಟರು. ಮೊದಲು ಸಿಡುಕಿದರು, ಸುಳ್ಳೇಕೆ ಹೇಳಲಿ. ನಲವತ್ತು ಮಕ್ಕಳಿರುವ ತರಗತಿ, ಸಿಡುಕದೆ ಏನು ಮಾಡುತ್ತಾರೆ? ಆದರೆ ಆಮೇಲೆ ಕಿರುಪರೀಕ್ಷೆಯ ಪ್ರಶ್ನೆಗಳನ್ನು ತಾವೇ ಓದಿ ಹೇಳತೊಡಗಿದರು. ಮನೆಯಲ್ಲಿ ಅಜ್ಜಿ ಮೊರದಲ್ಲಿ ರಾಗಿ ಹರಡಿಕೊಟ್ಟರು. ತಂಗಿ ಬಾಯಲ್ಲಿ ಹೇಳಿದ ಒತ್ತಕ್ಷರವನ್ನು ಅವನು ರಾಗಿಯ ಮೇಲೆ ಬೆರಳಲ್ಲಿ ತಿದ್ದುತ್ತಿದ್ದ. ದಿನಾ ಹತ್ತು ನಿಮಿಷ. ಎರಡು ತಿಂಗಳಲ್ಲಿ ಹೊಟ್ಟೆನೋವು ನಿಂತಿತು. ಓದು ಈಗಲೂ ಕುಂಟುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಈ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. 'ಅಂಗವಿಕಲ ಅಂತ ಬರೆಸಬೇಕಾ' ಅಂತ ಅಪ್ಪ ಇನ್ನೂ ಯೋಚಿಸುತ್ತಿದ್ದಾರೆ. ನಾನು ಒತ್ತಾಯ ಮಾಡಿಲ್ಲ.

ಇನ್ನೊಂದು ಮಾತು. 'ಮಿಸ್, ಯಾರಿಗೂ ಹೇಳಬೇಡಿ' ಅಂತ ಮಕ್ಕಳು ಕೇಳುತ್ತಾರೆ. ಅವರು ಹೇಳಿದ್ದನ್ನು ಗುಟ್ಟಾಗಿಯೇ ಇಡುತ್ತೇವೆ. ಆದರೆ ಪ್ರಾಣಕ್ಕೆ ಅಪಾಯವಿದ್ದರೆ, ಯಾರಾದರೂ ಮಗುವಿನ ಮೈಮೇಲೆ ಕೈ ಹಾಕಿದ್ದರೆ, ಗುಟ್ಟು ನಡೆಯುವುದಿಲ್ಲ. ಲೈಂಗಿಕ ಕಿರುಕುಳ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೋ ಕಾಯ್ದೆ ಹಾಗೆ ಹೇಳುತ್ತದೆ. ಇದನ್ನು ಮಗುವಿಗೆ ಮೊದಲ ದಿನವೇ ಹೇಳುತ್ತೇನೆ. ಆಮೇಲೆ ಹೇಳಿದರೆ ಅದು ಮೋಸ.

ನಿಮ್ಮ ಊರಿನ ಶಾಲೆಯಲ್ಲಿ ನನ್ನಂಥವರು ಇಲ್ಲದಿರಬಹುದು. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ತೊಂದರೆಯಾದರೆ 1098.

ನಾಳೆ ಸೋಮವಾರ. ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ಮೊದಲು ಡಾಕ್ಟರಿಗೆ ತೋರಿಸಿ. ಡಾಕ್ಟರು ಏನೂ ಇಲ್ಲ ಅಂದರೆ ಬೈಯಬೇಡಿ. ತಲೆ ಬಾಚುತ್ತಾ, ಬುತ್ತಿ ಕಟ್ಟುತ್ತಾ ಕೇಳಿ ನೋಡಿ: ಇವತ್ತು ಮೊದಲ ಪೀರಿಯಡ್ ಯಾವುದೋ?

ನಮಸ್ಕಾರ.